ಎತ್ತಿದ ಕೈಯಲ್ಲಿ ಇಲ್ಲದ ಕುಡುಗೋಲು

ಆಲಿಸಿರಿ, ಪ್ರಿಯರೇ. ಹಿಡಿದ ಕೆಲಸವನ್ನು ಅರೆಗಳಿಗೆ ಪಕ್ಕಕ್ಕಿಟ್ಟು ಇತ್ತ ಕಿವಿಗೊಡಿರಿ. ನಾನು ಹೇಳಹೊರಟಿರುವುದು ದೊಡ್ಡವರ ಚರಿತ್ರೆಯಲ್ಲ. ನಮ್ಮ ಸಭಾಭವನದ ನೆಲ ಗುಡಿಸುವ ಒಬ್ಬ ಹೆಣ್ಣುಮಗಳ ಕಥೆ. ಆಕೆಯ ಕಥೆಯನ್ನು ಹೇಳುವಾಗ ನನ್ನದೊಂದು ತಪ್ಪನ್ನೂ ಹೇಳಬೇಕಾಗುತ್ತದೆ. ಅದನ್ನು ಮುಚ್ಚಿಟ್ಟರೆ ಕಥೆಯೂ ಕುಂಟುತ್ತದೆ, ದೇವರೂ ಮೆಚ್ಚನು.

ಆಕೆಯನ್ನು ಎಲ್ಲರೂ ಗಾಳಿ ಅಕ್ಕ ಎಂದು ಕರೆಯುತ್ತಾರೆ. ಕಾರಣವಿದೆ. ನಮ್ಮ ಭವನಕ್ಕೆ ನಾಲ್ಕು ಬಾಗಿಲು. ಪ್ರತಿದಿನ ಬೆಳಿಗ್ಗೆ ಆಕೆ ಬೀಗ ತೆಗೆದು, ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡು, ಹೆಬ್ಬಾಗಿಲ ಹೊಸ್ತಿಲಿನಿಂದ ಚಿಟಿಕೆ ಧೂಳನ್ನು ಬೆರಳಲ್ಲಿ ತೆಗೆದುಕೊಳ್ಳುತ್ತಾಳೆ. ಕೈಯನ್ನು ತಲೆಗಿಂತ ಗೇಣು ಮೇಲಕ್ಕೆ ಎತ್ತಿ, ಬೆರಳುಗಳನ್ನು ಸಡಿಲಿಸುತ್ತಾಳೆ. ಧೂಳು ಯಾವ ಕಡೆಗೆ ವಾಲಿ ಬೀಳುತ್ತದೋ ಆ ಕಡೆಯ ಬಾಗಿಲನ್ನು ತೆರೆದು, ಅದರ ಎದುರಿನ ಮೂಲೆಯಿಂದ ಗುಡಿಸಲು ಆರಂಭಿಸುತ್ತಾಳೆ. ಹೀಗೆ ಮಾಡುವುದರಿಂದ ಅರ್ಧ ಕೆಲಸವನ್ನು ಗಾಳಿಯೇ ಮಾಡಿಕೊಡುತ್ತದೆಂಬುದು ಆಕೆಯ ಲೆಕ್ಕ. ಹನ್ನೊಂದು ವರ್ಷದಿಂದ ಇದು ತಪ್ಪಿಲ್ಲ.

ಭವನದ ಮೇಲ್ವಿಚಾರಕರು ಅಚ್ಚುಕಟ್ಟಿನ ಮನುಷ್ಯ. ಜೇಬಿನಲ್ಲಿ ಮೂರು ಬಣ್ಣದ ಪೆನ್ನು ಇಟ್ಟುಕೊಂಡು ಓಡಾಡುವವರು. ಅವರಿಗೆ ಈ ಕೈ ಎತ್ತುವುದನ್ನು ಕಂಡರೆ ನಗು.

"ಏನಕ್ಕಾ, ಇವತ್ತು ಗಾಳಿಗೆ ರಜೆನಾ?"

"ಅದಕ್ಕೆಲ್ಲಿ ರಜೆ ಸಾರ್. ರಜೆ ಎಲ್ಲಾ ನಿಮಗೇ ಬರೆದಿಟ್ಟಿದ್ದಾನೆ ದೇವರು."

ಬೇಕರಿಯ ಮೇಲಂತಸ್ತಿನ ಎರಡು ಕೋಣೆಗಳು ಆಕೆಯ ಮನೆ. ಗಂಡ ಬ್ರೆಡ್ಡು ಸಾಗಿಸುವ ವ್ಯಾನಿನ ಚಾಲಕ. ಕಿಟಕಿಯ ಸರಳುಗಳ ಮೇಲೆ ಸದಾ ಹಿಟ್ಟಿನ ತೆಳು ಪದರ. ಅವಳ ಗಂಡ ಒಮ್ಮೆ ತನ್ನ ಕೈಗಡಿಯಾರವನ್ನು ನನ್ನ ಅಂಗಡಿಗೆ ದುರಸ್ತಿಗೆ ತಂದಾಗ ಹೀಗೆ ದೂರಿಕೊಂಡ: "ಬಟ್ಟೆ ಒಣಹಾಕೋಕೆ ಮುಂಚೆನೂ ಕೈ ಎತ್ತುತ್ತಾಳೆ ಅಣ್ಣ. ಮದುವೆಯಾದ ಹೊಸದರಲ್ಲಿ ನನಗೆ ಹೊಡೀತಾಳೆ ಅಂತ ಬಗ್ಗಿಬಿಡ್ತಿದ್ದೆ. ಈಗಲೂ ಅಭ್ಯಾಸ ಹೋಗಿಲ್ಲ."

ಆಕೆಗೆ ಈ ವಿದ್ಯೆ ಬಂದದ್ದು ತಂದೆಯಿಂದ. ಆತ ಕಾಳು ತೂರುವವರ ಗುಂಪಿನೊಂದಿಗೆ ಹಳ್ಳಿಯಿಂದ ಹಳ್ಳಿಗೆ, ಕಣದಿಂದ ಕಣಕ್ಕೆ ಹೋಗುತ್ತಿದ್ದವನು. ಕೊಯ್ದು, ತುಳಿಸಿ, ಕಾಳೂ ಹೊಟ್ಟೂ ಒಂದಾಗಿ ರಾಶಿ ಬಿದ್ದ ಮೇಲೆ ಈ ಗುಂಪಿಗೆ ಕರೆ ಬರುತ್ತಿತ್ತು. ಒಬ್ಬನು ಎತ್ತರದ ಪೀಠದ ಮೇಲೆ ನಿಂತು ಬುಟ್ಟಿಯಿಂದ ಸುರಿಯುತ್ತಾನೆ. ಗಾಳಿ ಹೊಟ್ಟನ್ನು ಒಯ್ಯುತ್ತದೆ, ಕಾಳು ನೆಟ್ಟಗೆ ಕೆಳಗೆ ಬೀಳುತ್ತದೆ. ತಂದೆಯ ಕೆಲಸ ಬುಟ್ಟಿ ಹೊರುವುದಲ್ಲ, ಗುಡಿಸುವುದೂ ಅಲ್ಲ. ಗಾಳಿ ನೋಡುವುದು. ಅವನು ಕೈ ಎತ್ತಿ, ಹೊಟ್ಟನ್ನು ಬೆರಳಸಂದಿನಿಂದ ಬಿಟ್ಟು, "ಈಗ" ಎಂದಾಗ ಮಾತ್ರ ಬುಟ್ಟಿ ವಾಲಬೇಕು.

"ನಾನು ಹುಟ್ಟಿದ್ದು ಕಣದ ಪಕ್ಕ, ಹುಲ್ಲಿನ ರಾಶಿ ಹಿಂದೆ," ಎಂದು ಗಾಳಿ ಅಕ್ಕ ಹೇಳುವುದುಂಟು. "ನನ್ನ ಹೆತ್ತ ಮೇಲೆ ನಮ್ಮಮ್ಮ ಮೊದಲು ಕೇಳಿದ್ದು ಗಂಡೋ ಹೆಣ್ಣೋ ಅಂತಲ್ಲವಂತೆ. ಗಾಳಿ ಬಂತಾ ಅಂತ."

ಮುಂದೆ ಹೊಟ್ಟೆಯೊಳಗೇ ಗಾಳಿಯನ್ನು ಇಟ್ಟುಕೊಂಡ ಯಂತ್ರಗಳು ಬಂದವು. ತಂದೆ ಒಂದು ಬೆಳಿಗ್ಗೆ ಅಂಥದೊಂದರ ಸುತ್ತ ಮೂರು ಸುತ್ತು ಬಂದು, ನಕ್ಕು, "ಪಾಪ, ಇದಕ್ಕೆ ಕಾಯೋ ಸುಖ ಗೊತ್ತಿಲ್ಲ," ಎಂದನಂತೆ. ಅಂದಿನಿಂದ ಬದುಕಿರುವವರೆಗೂ ಜರಡಿ ಹೆಣೆದು ಮಾರಿಕೊಂಡಿದ್ದ. ಮಗಳು ಮದುವೆಯಾಗಿ ಪಟ್ಟಣಕ್ಕೆ ಬಂದಳು. ಕಾಳಿನ ಬದಲು ಧೂಳು ಸಿಕ್ಕಿತು, ಕೈ ಮಾತ್ರ ಅದೇ ಉಳಿಯಿತು.

ಇನ್ನು ಚಿತ್ರದ ವಿಷಯ. ನಮ್ಮ ಭವನದ ಹೆಬ್ಬಾಗಿಲ ಒಳಭಾಗದಲ್ಲಿ, ಬಾಗಿಲವಾಡದ ಮೇಲೆ, ನೆಲದಿಂದ ಒಂಬತ್ತಡಿ ಎತ್ತರದಲ್ಲಿ ಒಂದು ದೊಡ್ಡ ತೈಲಚಿತ್ರ ತೂಗುಹಾಕಿದೆ. ಯಾರು ಬರೆದರೋ ತಿಳಿಯದು, ಮೂಲೆಯಲ್ಲಿ ಹೆಸರಿಲ್ಲ. ಒಂದು ಕಣ. ಪೀಠದ ಮೇಲೆ ಬುಟ್ಟಿ ಹೆಗಲಿಗೇರಿಸಿ ನಿಂತ ಒಬ್ಬ ಯುವಕ. ಕೆಳಗೆ ಪೊರಕೆ ಹಿಡಿದು ಮಂಡಿಯೂರಿದ ಹೆಂಗಸು. ಮಲಗಿದ ಎತ್ತಿಗೆ ಒರಗಿ ಕುಳಿತ ಇನ್ನೊಬ್ಬ. ಇವರೆಲ್ಲರೂ ಒಂದೇ ಕಡೆಗೆ ಮುಖ ಮಾಡಿದ್ದಾರೆ. ಆ ಕಡೆಯಲ್ಲಿ, ಒಂದು ಕೊಟ್ಟಿಗೆಯ ನೆರಳಿನ ಮುಂದೆ, ಮುದುಕನೊಬ್ಬ ಬಲಗೈ ಎತ್ತಿ ನಿಂತಿದ್ದಾನೆ.

ನಾನು ವಾರದ ಆರು ದಿನ ಗಡಿಯಾರ ದುರಸ್ತಿ ಮಾಡುತ್ತೇನೆ, ಏಳನೆಯ ದಿನ ಆ ಭವನದಲ್ಲಿ ದೇವರ ಮಾತು ಹೇಳುತ್ತೇನೆ. ಜನರು ನನ್ನನ್ನು ಗಡಿಯಾರದಣ್ಣ ಎನ್ನುತ್ತಾರೆ. ಪ್ರವಚನದ ಪೀಠ ಹೆಬ್ಬಾಗಿಲಿಗೆ ಎದುರು ತುದಿಯಲ್ಲಿದೆ. ಆದ್ದರಿಂದ ಹತ್ತೊಂಬತ್ತು ವರ್ಷ ಆ ಚಿತ್ರ ನನ್ನ ಕಣ್ಣೆದುರಿಗೇ ಇತ್ತು. ಅದನ್ನು ತೋರಿಸಿ ಎಷ್ಟು ಸಲ ಮಾತಾಡಿದ್ದೇನೋ! "ನೋಡಿರಿ, ಆ ವೃದ್ಧನನ್ನು! ದಿನದ ದುಡಿಮೆ ಮುಗಿದಿದೆ. ಎತ್ತಿದ ಕೈಯಲ್ಲಿ ಕುಡುಗೋಲು ಹೊಳೆಯುತ್ತಿದೆ. ಪ್ರಭುವೇ, ನಾನು ಕೊಯ್ದದ್ದೆಲ್ಲವೂ ನಿನ್ನದೇ ಎಂದು ಆಯುಧವನ್ನು ಆಕಾಶಕ್ಕೆ ಒಪ್ಪಿಸುತ್ತಿದ್ದಾನೆ!" ಇಲ್ಲಿಗೆ ಬರುವ ಹೊತ್ತಿಗೆ ಮುಂದಿನ ಸಾಲಿನವರು ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಕಣ್ಣೂ ತೇವವಾಗುತ್ತಿತ್ತು. ಭವನದ ಪರಿಚಯ ಪುಸ್ತಿಕೆಯಲ್ಲಿ ಚಿತ್ರದ ವರ್ಣನೆಯನ್ನು ಬರೆದವನೂ ನಾನೇ.

ಅಷ್ಟು ಎತ್ತರದ ಚಿತ್ರವನ್ನು ಹತ್ತಿರದಿಂದ ಕಂಡವಳು ಗಾಳಿ ಅಕ್ಕ ಒಬ್ಬಳೇ. ತಿಂಗಳಿಗೊಮ್ಮೆ ಏಣಿ ಹತ್ತಿ, ಮೃದುವಾದ ಒಣ ಕುಂಚದಿಂದ ಧೂಳು ತೆಗೆಯುತ್ತಿದ್ದಳು. ಮೇಲ್ವಿಚಾರಕರಿಗೆ ಮೂರನೆಯ ಮೆಟ್ಟಿಲಿಗೇ ತಲೆ ಸುತ್ತುತ್ತದೆ. ನನಗೋ, ಗಡಿಯಾರದ ಹಲ್ಲುಚಕ್ರ ನೋಡಿ ನೋಡಿ, ಮೊಳದಾಚೆಗಿನ ಲೋಕವೆಲ್ಲ ಮಂಜು.

ಹೀಗಿರಲು ಕಳೆದ ವರ್ಷ ಭವನಕ್ಕೆ ಸುಣ್ಣ ಬಳಿಸುವುದೆಂದು ಸಮಿತಿ ತೀರ್ಮಾನಿಸಿತು. ಸುಣ್ಣದವರು ಬಂದರು, ಏಣಿ ಬಂತು, ಬಾಗಿಲುಗಳ ಮೇಲೆ ಹೊಸದಾಗಿ ಅಕ್ಷರ ಬರೆಯಲು ಫಲಕ ಬರೆಯುವವನೂ ಬಂದ. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಚಿತ್ರ ಕೆಳಗಿಳಿದು, ಕಿಟಕಿಯ ಬಳಿ ಎರಡು ಕುರ್ಚಿಗೆ ಒರಗಿ ನಿಂತಿತು. ಮೇಲ್ವಿಚಾರಕರು ಪುಸ್ತಿಕೆ ಹಿಡಿದು, ಭವನದ ವಸ್ತುಗಳನ್ನು ಒಂದೊಂದಾಗಿ ತಾಳೆ ನೋಡುತ್ತಾ ಚಿತ್ರದ ಮುಂದೆ ಬಂದರು.

ನನ್ನ ಅಂಗಡಿಯ ಫೋನು ಹೊಡೆದುಕೊಂಡಿತು.

"ಗಡಿಯಾರದಣ್ಣ, ಬೇಗ ಬನ್ನಿ! ಕುಡುಗೋಲು ಹೋಗಿದೆ!"

"ಯಾರ ಮನೇದು?"

"ಯಾರ ಮನೇದೂ ಅಲ್ಲ, ಚಿತ್ರದ್ದು! ಮುದುಕನ ಕೈ ಖಾಲಿ!"

ನಾನು ತೆರೆದಿಟ್ಟ ಗಡಿಯಾರದ ಮೇಲೆ ಲೋಟ ಬೋರಲು ಹಾಕಿ ಓಡಿದೆ. ಚಿತ್ರದ ಮುಂದೆ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದೆ. ಎತ್ತಿದ ಕೈ ಇದೆ; ಕುಡುಗೋಲಿಲ್ಲ. ಬೆರಳುಗಳು ಅರೆಬಿಚ್ಚಿವೆ, ಅಂಗೈ ಬರಿದು. ಕೈಯ ಕೆಳಗೆ ಓರೆಯಾಗಿ ಹತ್ತು ಹನ್ನೆರಡು ಹಳದಿ ಚುಕ್ಕೆಗಳು, ಎಳ್ಳಿಗಿಂತ ಚಿಕ್ಕವು.

"ಕಾಣಿಸ್ತಾ?" ಎಂದು ಮೇಲ್ವಿಚಾರಕರು ಕೆಂಪು ಪೆನ್ನಿನಿಂದ ತೋರಿಸಿದರು. "ಒದ್ದೆ ಬಟ್ಟೆ ಹಾಕಿ ತಿಕ್ಕಿದ್ದಾಳೆ. ಬಣ್ಣ ಕಿತ್ತು ಬಂದಿದೆ. ಈ ಚೂರುಗಳೇ ಸಾಕ್ಷಿ. ಅವಳನ್ನು ಬಿಟ್ಟರೆ ಈ ಚಿತ್ರ ಮುಟ್ಟಿದವರು ಯಾರು? ಅಣ್ಣ, ನೀವು ಹೇಳಿ. ಕುಡುಗೋಲು ಇತ್ತೋ ಇಲ್ಲವೋ?"

ಪ್ರಿಯರೇ, ಇಲ್ಲಿಯೇ ನನ್ನ ತಪ್ಪು. "ಒಂದು ನಿಮಿಷ ತಡೆಯಿರಿ" ಎನ್ನಬಹುದಿತ್ತು. ಆದರೆ ಹತ್ತೊಂಬತ್ತು ವರ್ಷದ ವಾಗ್ಝರಿ ನನ್ನ ಗಂಟಲಲ್ಲಿ ಕುಳಿತಿತ್ತು. "ಇತ್ತು," ಎಂದುಬಿಟ್ಟೆ. "ನನ್ನೀ ಕಣ್ಣಿನಿಂದಲೇ ಕಂಡಿದ್ದೇನೆ."

ಆ ಒಂದು ಮಾತಿನ ಮೇಲೆ ಸಮಿತಿಯ ಅಧ್ಯಕ್ಷೆಯನ್ನು ಕರೆಸಲಾಯಿತು. ಆಕೆ ನಿವೃತ್ತ ಶಾಲಾ ಶಿಕ್ಷಕಿ. ಮೂವತ್ತು ವರ್ಷ ತುಂಟ ಮಕ್ಕಳ ಸುಳ್ಳು ನಿಜಗಳನ್ನು ತೂಗಿದ ಹೆಂಗಸು. ಗಾಳಿ ಅಕ್ಕನನ್ನೂ ಹಿಂಬಾಗಿಲ ಬಳಿಯಿಂದ ಕರೆದರು. ಮೇಲ್ವಿಚಾರಕರು ಮೇಜಿನ ಮೇಲೆ ಬೆರಳಿಂದ ತಟ್ಟಿ, "ಮೊದಲು ಬೀಗದ ಕೈಗೊಂಚಲು ಇಲ್ಲಿಡು," ಎಂದರು. ಆಕೆ ಸೊಂಟದಿಂದ ಗೊಂಚಲನ್ನು ಬಿಚ್ಚಿ ಇಟ್ಟಳು. ಏಳು ಬೀಗದ ಕೈಗಳು. ಹನ್ನೊಂದು ವರ್ಷ ಆಕೆಯೊಂದಿಗೆ ನಡೆದು ಕನ್ನಡಿಯಂತೆ ನುಣುಪಾಗಿದ್ದವು.

"ನೋಡಮ್ಮ," ಎಂದರು ಅಧ್ಯಕ್ಷೆ, "ಕೈ ತಪ್ಪಿ ಆಗಿದ್ದರೆ ತಪ್ಪಿ ಆಯ್ತು ಅಂತ ಹೇಳಿಬಿಡು. ಆದರೆ ಚಿತ್ರ ಹಾಳು ಮಾಡಿದವರ ಕೈಯಲ್ಲಿ ಭವನದ ಬೀಗದ ಕೈ ಬಿಡೋಕೆ ಸಮಿತಿ ಒಪ್ಪಲ್ಲ. ಕೆಲಸ ಹೋಗುತ್ತೆ. ನನಗೂ ಬೇಜಾರೇ."

ಈ ನಡುವೆ ಫಲಕ ಬರೆಯುವವನು ಕತ್ತು ಚಾಚಿ ಚಿತ್ರವನ್ನು ನೋಡಿ, "ಇಷ್ಟೇ ತಾನೇ? ಅರ್ಧ ಗಂಟೆ ಕೆಲಸ ಮೇಡಂ. ನನ್ನ ಹತ್ರ ಬೆಳ್ಳಿ ಬಣ್ಣ ಇದೆ. ಹಿಡಿ ಉದ್ದ ಬೇಕಾ, ಗಿಡ್ಡ ಸಾಕಾ?" ಎಂದು ಡಬ್ಬಿಯ ಮುಚ್ಚಳವನ್ನೇ ತೆರೆದುಬಿಟ್ಟ.

ಅದುವರೆಗೆ ತಲೆ ತಗ್ಗಿಸಿ ನಿಂತಿದ್ದ ಗಾಳಿ ಅಕ್ಕ ಬೆಚ್ಚಿ ಅವನ ಮುಂದೆ ಅಡ್ಡ ನಿಂತಳು.

"ಮುಚ್ಚಪ್ಪಾ ಮೊದಲು ಡಬ್ಬಿ! ಆ ಕೈಗೆ ಕುಡುಗೋಲು ಕೊಡಬೇಡ. ಅದು ಗಾಳಿ ನೋಡೋ ಕೈ." ಆಮೇಲೆ ಅಧ್ಯಕ್ಷೆಯ ಕಡೆ ತಿರುಗಿದಳು. "ಅಮ್ಮಾ, ಈ ಕೈಲಿ ಯಾವತ್ತೂ ಕುಡುಗೋಲು ಇರಲಿಲ್ಲ. ಇಲ್ಲದ್ದನ್ನ ನಾನು ಹೇಗೆ ಅಳಿಸಲಿ? ಕಣಕ್ಕೆ ಬಂದ ಮೇಲೆ ಕುಡುಗೋಲಿಂದ ಏನು ಕೆಲಸ? ಕೊಯ್ಲು ಮುಗಿದು ತಿಂಗಳಾಗಿರುತ್ತೆ. ಊಟಕ್ಕೆ ಕೂತವರು ಕೈಲಿ ನೇಗಿಲು ಹಿಡ್ಕೊಂಡಿರ್ತಾರಾ?"

"ಗಡಿಯಾರದಣ್ಣ ಕಣ್ಣಾರೆ ಕಂಡಿದ್ದಾರೆ!" ಎಂದರು ಮೇಲ್ವಿಚಾರಕರು.

ಆಕೆ ನನ್ನನ್ನು ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕಾಡುವ ಅಣ್ಣನನ್ನು ತಂಗಿಯೊಬ್ಬಳು ನೋಡುವ ನೋಟ ಅದು.

"ಅವರೂ ಸುಳ್ಳು ಹೇಳ್ತಿಲ್ಲ ಸಾರ್. ಅಲ್ಲಿ ನಿಂತು ನೋಡಿದರೆ ಕುಡುಗೋಲು ಇದೆ. ಇಲ್ಲಿ ನಿಂತು ನೋಡಿದರೆ ಇಲ್ಲ."

"ಒಗಟು ಸಾಕು!"

"ಒಗಟಲ್ಲ. ಚಿತ್ರಾನ ಇದ್ದ ಜಾಗಕ್ಕೇ ಏರಿಸಿ. ಕುಡುಗೋಲು ತಾನಾಗೇ ಬರುತ್ತೆ. ಬರಲಿಲ್ಲ ಅಂದರೆ ಆ ಬೀಗದ ಕೈ ನೀವೇ ಇಟ್ಕೊಳ್ಳಿ, ಒಂದು ಮಾತಾಡಲ್ಲ."

ಅಧ್ಯಕ್ಷೆ ಕ್ಷಣಕಾಲ ಯೋಚಿಸಿ, ಸುಣ್ಣದವರಿಗೆ ಕಣ್ಣಲ್ಲೇ ಆಜ್ಞೆ ಮಾಡಿದರು. ಅವರು ಗೊಣಗುತ್ತಾ, ಎರಡು ಏಣಿ ಹಾಕಿ, ಚಿತ್ರವನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿದರು. ನಾವೆಲ್ಲ ಭವನದ ಎದುರು ತುದಿಗೆ ನಡೆದು, ಪ್ರವಚನದ ಪೀಠದ ಬಳಿ ತಿರುಗಿ ನಿಂತೆವು.

ಮೊದಲು ಕೂಗಿದವನು ಫಲಕ ಬರೆಯುವವನು. "ಅಯ್ಯಯ್ಯೋ, ಬಂತು! ಕುಡುಗೋಲು ಬಂತು!"

ಬಂದಿತ್ತು, ಪ್ರಿಯರೇ! ಮುದುಕನ ಮುಷ್ಟಿಯ ಮೇಲೆ ಬಾಗಿದ ಅಲಗು ಎಂದಿನಂತೆಯೇ ಹೊಳೆಯುತ್ತಿತ್ತು. ಅಧ್ಯಕ್ಷೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ನಾನು ಕಣ್ಣುಜ್ಜಿಕೊಂಡೆ. ಮೇಲ್ವಿಚಾರಕರು ಬಾಗಿಲವರೆಗೆ ಓಡಿ, ಕತ್ತೆತ್ತಿ ನೋಡಿ, ಮತ್ತೆ ಪೀಠದವರೆಗೆ ಓಡಿ ಬಂದರು. ಅವರ ಮೂರು ಪೆನ್ನುಗಳೂ ದಾರಿಯಲ್ಲಿ ಉದುರಿದವು.

"ಏನಿದು?" ಎಂದರು ಏದುಸಿರಿನಿಂದ.

"ಏಣಿ ಹತ್ತಿ ನೋಡಿ ಸಾರ್," ಎಂದಳು ಗಾಳಿ ಅಕ್ಕ.

"ನಾನಾ?"

"ಆರೋಪ ನಿಮ್ಮದೇ ತಾನೇ?" ಎಂದರು ಅಧ್ಯಕ್ಷೆ. ತರಗತಿಯಲ್ಲಿ ಕೊನೆಯ ಬೆಂಚಿನವನನ್ನು ಎಬ್ಬಿಸುವ ದನಿ. "ಹತ್ತಿ."

ಮೇಲ್ವಿಚಾರಕರು ಹತ್ತಿದರು. ಎರಡನೆಯ ಮೆಟ್ಟಿಲಲ್ಲಿ ದೇವರನ್ನು ಕರೆದರು. ಮೂರನೆಯದರಲ್ಲಿ ಕಣ್ಣು ಮುಚ್ಚಿದರು. ಇಬ್ಬರು ಸುಣ್ಣದವರು ಏಣಿ ಹಿಡಿದರೆ ಗಾಳಿ ಅಕ್ಕ ಕೆಳಗಿನಿಂದ, "ಇನ್ನೊಂದು ಮೆಟ್ಟಿಲು ಸಾರ್, ಕೆಳಗೆ ನೋಡಬೇಡಿ, ಮುದುಕನ್ನ ನೋಡಿ, ಅವನೂ ನಿಂತೇ ಇದ್ದಾನೆ ಪಾಪ," ಎಂದು ಮಗುವಿಗೆ ಹೇಳುವಂತೆ ಧೈರ್ಯ ಹೇಳುತ್ತಿದ್ದಳು. ಕೊನೆಗೆ ಅವರು ಕಣ್ಣು ತೆರೆದರು.

"ಜರಡಿ," ಎಂದರು ಮೇಲಿನಿಂದ, ಸಣ್ಣ ದನಿಯಲ್ಲಿ.

"ಏನು?"

"ಜರಡಿ ಮೇಡಂ! ಹಿಂದೆ ಕೊಟ್ಟಿಗೆ ಕಂಬಕ್ಕೆ ದೊಡ್ಡ ದುಂಡು ಜರಡಿ ತೂಗುಹಾಕಿದೆ. ಪೂರ್ತಿ ನೆರಳಲ್ಲಿದೆ. ಅಂಚಿಗೆ ಮಾತ್ರ ಬಿಸಿಲು ಬಿದ್ದಿದೆ. ಆ ಅಂಚೇ ಅಲ್ಲಿಂದ… ಕುಡುಗೋಲು."

ನೀವೇ ಊಹಿಸಿಕೊಳ್ಳಿರಿ ನನ್ನ ಮುಖವನ್ನು. ಹತ್ತೊಂಬತ್ತು ವರ್ಷ ನಾನು ಆಕಾಶಕ್ಕೆ ಒಪ್ಪಿಸುತ್ತಾ ಬಂದದ್ದು ಒಂದು ಜರಡಿಯ ಅಂಚನ್ನು!

ಮೇಲ್ವಿಚಾರಕರು ಅಷ್ಟಕ್ಕೇ ಸೋಲುವವರಲ್ಲ. ಏಣಿಯನ್ನು ತಬ್ಬಿಕೊಂಡೇ, "ಸರಿ, ಜರಡಿ ಅಂತಲೇ ಇಟ್ಕೊಳ್ಳೋಣ. ಹಾಗಾದರೆ ಈ ಹಳದಿ ಚೂರುಗಳು? ಇವು ಎಲ್ಲಿಂದ ಬಂದವು? ಏನನ್ನೋ ತಿಕ್ಕಿದ್ದಾಳೆ, ಇದು ಖಂಡಿತ," ಎಂದರು.

ಗಾಳಿ ಅಕ್ಕ ಚಿತ್ರದ ಕೆಳಗಿದ್ದ ಹೆಬ್ಬಾಗಿಲನ್ನು ಪೂರ್ತಿ ತೆರೆದು, ಹೊಸ್ತಿಲ ಮೇಲೆ ನಿಂತಳು. ಸುಣ್ಣದವರು ಕೆರೆದು ಉದುರಿಸಿದ್ದ ಹಳೆಯ ಸುಣ್ಣದ ಹೊಪ್ಪಳೆಗಳು ನೆಲದ ಮೇಲಿದ್ದವು. ಹಳದಿಗಟ್ಟಿ, ಹೊಟ್ಟಿನಂತೆಯೇ ಹಗುರ. ಅದರಲ್ಲಿ ಒಂದು ಹಿಡಿ ತೆಗೆದುಕೊಂಡು ಬಲಗೈ ಎತ್ತಿದಳು.

ಬೆರಳು ಸಡಿಲಿಸಿದಳು. ಚೂರುಗಳು ನೆಟ್ಟಗೆ ಕಾಲ ಬಳಿ ಬಿದ್ದವು. ಗಾಳಿಯಿರಲಿಲ್ಲ.

"ನೋಡಿದ್ರಾ?" ಎಂದರು ಏಣಿಯ ಮೇಲಿನವರು.

"ಸ್ವಲ್ಪ ತಡೀರಿ."

ಮತ್ತೊಂದು ಚಿಟಿಕೆ. ಅದೂ ನೆಟ್ಟಗೆ ಬಿತ್ತು. ಹೊರಗೆ ಬೀದಿಯ ಮರದ ಎಲೆ ಅಲುಗಲಿಲ್ಲ. ಒಂದು ನಿಮಿಷವಾಯಿತು, ಎರಡಾಯಿತು. ಗಡಿಯಾರ ನೋಡುವುದು ನನ್ನ ಹೊಟ್ಟೆಪಾಡು, ಆದರೂ ಆಗ ನನ್ನ ಕಣ್ಣು ಗಡಿಯಾರದ ಮೇಲೆ ಹೋಗಲಿಲ್ಲ. ಆ ಎತ್ತಿದ ಕೈಯಿಂದ ಯಾರಿಗೂ ಕಣ್ಣು ಕೀಳಲಾಗಲಿಲ್ಲ.

"ಅಕ್ಕಾ, ಬೇಗ ಕರೆಸು ಗಾಳೀನ," ಎಂದ ಏಣಿ ಹಿಡಿದ ಸುಣ್ಣದವನೊಬ್ಬ, ಪಿಸುದನಿಯಲ್ಲಿ. "ನನ್ನ ಕೈ ಬಿದ್ದುಹೋಗ್ತಿದೆ."

"ಕರೆದರೆ ಬರಲ್ಲ ಕಣಪ್ಪಾ. ನಾವು ರೆಡಿಯಾಗಿರಬೇಕು, ಅಷ್ಟೇ."

ಹಾಗೆ ಹೇಳಿ ಆಕೆ ಮೂರನೆಯ ಬಾರಿ ಬೆರಳು ಬಿಡಿಸುವಾಗಲೇ ನನ್ನ ಕೊರಳ ಬಳಿ ತಣ್ಣಗೆ ಏನೋ ಸುಳಿಯಿತು. ಹಿಂಬಾಗಿಲಿನಿಂದ ಗಾಳಿ ಬಂದಿತ್ತು. ಆಕೆಯ ಕೈಯಿಂದ ಹೊರಟ ಚೂರುಗಳು ನೆಟ್ಟಗೆ ಬೀಳದೆ, ಓರೆಯಾಗಿ, ಒಂದರ ಹಿಂದೆ ಒಂದು ತೇಲುತ್ತಾ ಹೊಸ್ತಿಲಾಚೆಗೆ ಹೋದವು.

"ಅಯ್ಯೋ," ಎಂದರು ಮೇಲ್ವಿಚಾರಕರು. ಅವರಿಗೆ ಮೂಗಿನ ಮುಂದೆ ಚಿತ್ರದ ಕೈ, ಕಾಲ ಕೆಳಗೆ ಗಾಳಿ ಅಕ್ಕನ ಕೈ. "ಅಯ್ಯೋ, ಹೀಗೇ ಇದೆ. ಇಲ್ಲೂ ಹೀಗೇ ಇದೆ. ಹೀಗೇ ಓರೆ. ಬೆರಳೂ ಹೀಗೇ. ಇದು ಬಣ್ಣದ ಚೂರಲ್ಲ… ಅಕ್ಕಾ, ಇದು ಹೊಟ್ಟು!"

"ಹೊಟ್ಟೇ ಸಾರ್. ಅದಕ್ಕೇ ಕುಂಚ ಆಡಿಸುವಾಗ ಆ ಜಾಗದಲ್ಲಿ ಉಸಿರೂ ಬಿಡಲ್ಲ ನಾನು. ಹಾರಿಹೋದರೆ?"

ಅಧ್ಯಕ್ಷೆ ಮೊದಲು ನಕ್ಕರು. ಆಮೇಲೆ ಸುಣ್ಣದವರು, ಆಮೇಲೆ ನಾನು. ಕಡೆಗೆ ಮೇಲ್ವಿಚಾರಕರೂ ನಕ್ಕು, ನಕ್ಕದ್ದರಿಂದ ಏಣಿ ಅಲುಗಿ, "ಹಿಡೀರಿ, ಹಿಡೀರಿ!" ಎಂದು ಕಿರುಚಿದರು.

ನಗು ಇಳಿದ ಮೇಲೆ ಅಧ್ಯಕ್ಷೆ ಕೇಳಿದರು: "ಹಾಗಾದರೆ ಈ ಚಿತ್ರದಲ್ಲಿ ಏನು ನಡೀತಿದೆ? ನೀನೇ ಹೇಳಮ್ಮ."

ಆಕೆ ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು. ಅದನ್ನು ಆಕೆಯ ಮಾತಿನಲ್ಲೇ ಕೇಳಿರಿ.

"ಮೂರು ದಿನದಿಂದ ಗಾಳಿ ಇಲ್ಲ ಇವರಿಗೆ. ಹೇಗೆ ಗೊತ್ತು ಅಂತೀರಾ? ಆ ಪೊರಕೆ ಹಿಡಿದ ಹೆಂಗಸಿನ ಮುಂದೆ ನೆಲ ನೋಡಿ, ಗುಡಿಸಿದ್ದನ್ನೇ ಗುಡಿಸಿದ್ದಾಳೆ, ಗೆರೆ ಮೇಲೆ ಗೆರೆ. ಕೆಲಸ ಇಲ್ಲದೆ ಕೂತರೆ ಬೇಜಾರಾಗುತ್ತಲ್ಲ, ಅದಕ್ಕೆ. ಎತ್ತು ಮಲಗಿ ಎಷ್ಟೋ ಹೊತ್ತಾಗಿದೆ, ಬೆನ್ನ ಮೇಲೆ ಹುಲ್ಲು ಬಿದ್ದರೂ ಕೊಡವಿಕೊಂಡಿಲ್ಲ. ಆ ಹುಡುಗನ ಹೆಗಲು ನೋಡಿ, ಬುಟ್ಟಿ ಹೊತ್ತು ಹೊತ್ತು ಒಂದು ಕಡೆ ಇಳಿದಿದೆ. ಆದರೂ ಬುಟ್ಟಿ ಕೆಳಗಿಟ್ಟಿಲ್ಲ. ಇಟ್ಟರೆ, ಗಾಳಿ ಬಂದಾಗ ಎತ್ತೋ ಹೊತ್ತಿಗೆ ಅದು ಹೋಗಿರುತ್ತೆ. ಎಲ್ಲರೂ ಮುದುಕನ ಕೈ ನೋಡ್ತಿದ್ದಾರೆ. ಹೊಟ್ಟು ಓರೆಯಾಗಿ ಹೊರಟಿದೆ. ಗಾಳಿ ಈಗ ತಾನೇ ಬಂತು. ಅವನು 'ಈಗ' ಅಂತ ಇನ್ನೂ ಅಂದಿಲ್ಲ. ಬಾಯಿ ತೆರೀತಿದ್ದಾನೆ. ಅಷ್ಟೇ ಚಿತ್ರ. ನಮ್ಮಪ್ಪನೂ ಹೀಗೇ ಬಾಯಿ ತೆರೀತಿದ್ದ, ಎಡಗಡೆ ಮೊದಲು."

ನಾನು ಸುತ್ತ ನೋಡಿದೆ. ಬೆಳ್ಳಿ ಬಣ್ಣದ ಡಬ್ಬಿಯನ್ನು ಎದೆಗೊತ್ತಿಕೊಂಡ ಫಲಕದವನು, ಏಣಿ ಹಿಡಿದ ಇಬ್ಬರು, ಮೇಲೆ ಅಂಟಿಕೊಂಡ ಮೇಲ್ವಿಚಾರಕರು, ಕನ್ನಡಕ ಕೈಯಲ್ಲೇ ಹಿಡಿದ ಅಧ್ಯಕ್ಷೆ. ಈಗಷ್ಟೇ ನಾವೆಲ್ಲರೂ ಒಂದು ಎತ್ತಿದ ಕೈಗೆ ಮುಖ ಮಾಡಿ ನಿಂತಿದ್ದೆವು. ಆ ಚಿತ್ರದೊಳಕ್ಕೆ ಹೊಕ್ಕು ಹೊರಬಂದಂತಿತ್ತು.

"ತಂಗೀ," ಎಂದೆ ನಾನು, "ಹನ್ನೊಂದು ವರ್ಷ ನನ್ನ ಎದುರಿಗೇ ಕೂತು ಆ ಕುಡುಗೋಲಿನ ಪ್ರವಚನ ಕೇಳಿದ್ದೀಯಲ್ಲ! ಒಂದು ಮಾತು ಹೇಳಬಾರದಿತ್ತೇ?"

"ಹೇಗೆ ಹೇಳೋದಣ್ಣಾ? ನೀವು ಅಷ್ಟು ಚೆನ್ನಾಗಿ ಹೇಳ್ತಿದ್ರಿ. ಮುಂದಿನ ಸಾಲಲ್ಲಿ ಅಷ್ಟು ಜನ ಅಳ್ತಿದ್ರು. ನಡುವೆ ಎದ್ದು ನಿಂತು 'ಅಣ್ಣಾ, ಅದು ಜರಡಿ' ಅನ್ನೋಕಾಗುತ್ತಾ?" ಆಕೆ ಬಾಯಿಗೆ ಸೆರಗು ಒತ್ತಿಕೊಂಡಳು. "ಒಂದೆರಡು ಸಲ ನಾನೂ ಅತ್ತಿದ್ದೀನಿ. ಜರಡಿ ಅಂತ ಗೊತ್ತಿದ್ದೂ!"

ನಾನು ಅಧ್ಯಕ್ಷೆಯ ಮುಂದೆ ಹೋಗಿ, "ಸುಳ್ಳು ಸಾಕ್ಷಿ ನನ್ನದು. ದೂರದಿಂದ ಕಂಡದ್ದನ್ನು ಕಣ್ಣಾರೆ ಕಂಡೆ ಎಂದೆ. ಶಿಕ್ಷೆ ನನಗಿರಲಿ," ಎಂದೆ.

"ಶಿಕ್ಷೆ ಇದೆ," ಎಂದರು ಅವರು. ಮೇಜಿನ ಮೇಲಿನ ಬೀಗದ ಕೈಗೊಂಚಲನ್ನು ನನ್ನ ಕೈಗಿತ್ತು, "ತೆಗೆದುಕೊಂಡು ಹೋಗಿ ನೀವೇ ಕೊಡಿ," ಎಂದರು. ನಾನು ಎರಡೂ ಕೈಯಲ್ಲಿ ಹಿಡಿದು ಗಾಳಿ ಅಕ್ಕನ ಮುಂದೆ ನಿಂತೆ. ಆಕೆ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಮ್ಮೆ ತಟ್ಟಿ ನೋಡಿಕೊಂಡು, ತಕ್ಷಣ ಹೇಳಿದ ಮಾತು: "ಸಾರ್ ಅವರನ್ನ ಯಾರಾದರೂ ಕೆಳಗಿಳಿಸ್ತೀರಾ?" ಅವರು ಇನ್ನೂ ಏಣಿಯ ಮೇಲೆಯೇ ಇದ್ದರು.

ಕೆಳಗಿಳಿದ ಮೇಲ್ವಿಚಾರಕರು ಕ್ಷಮೆ ಎಂಬ ಪದ ಆಡಲಿಲ್ಲ. ಅವರ ಸ್ವಭಾವಕ್ಕೆ ಅದು ಹೊಂದದು. ಆದರೆ ಮಾರನೆಯ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಬಂದು, "ಅಕ್ಕಾ, ಇವತ್ತು ಯಾವ ಬಾಗಿಲು?" ಎಂದು ಕೇಳಿದರು. ಈಗಲೂ ಕೇಳುತ್ತಾರೆ. ಆಕೆ ಹೇಳಿದ ಬಾಗಿಲನ್ನು ತಾವೇ ಹೋಗಿ ತೆರೆಯುತ್ತಾರೆ. ಫಲಕ ಬರೆಯುವವನು ಬೆಳ್ಳಿ ಬಣ್ಣದ ಡಬ್ಬಿಯನ್ನು ವ್ಯರ್ಥ ಮಾಡದೆ, ಚಿತ್ರದ ಕೆಳಗೆ ಒಂದು ಚಿಕ್ಕ ಹಲಗೆಯ ಮೇಲೆ "ಗಾಳಿ ಬಂದ ಗಳಿಗೆ" ಎಂದು ಬರೆದುಕೊಟ್ಟ. ಸುಣ್ಣ ಒಣಗಿದ ಮೇಲೆ ಚಿತ್ರವನ್ನು ಒಂಬತ್ತಡಿಗೆ ಏರಿಸಲಿಲ್ಲ. ಪಕ್ಕದ ಗೋಡೆಯಲ್ಲಿ, ನಿಂತವರ ಕಣ್ಣಿನ ಮಟ್ಟಕ್ಕೆ ತೂಗುಹಾಕಲಾಯಿತು. ಬಂದವರೆಲ್ಲ ಈಗ ಹೊಟ್ಟಿನ ಚುಕ್ಕೆಗಳನ್ನು ಎಣಿಸುತ್ತಾರೆ. ಹನ್ನೊಂದು ಎನ್ನುವವರೂ ಇದ್ದಾರೆ, ಹನ್ನೆರಡು ಎನ್ನುವವರೂ ಇದ್ದಾರೆ. ಗಾಳಿ ಅಕ್ಕ ಹದಿಮೂರು ಎನ್ನುತ್ತಾಳೆ. ಒಂದು ಆಗಲೇ ಎತ್ತಿನ ಬೆನ್ನು ದಾಟಿ ಹೋಗಿದೆಯಂತೆ.

ಅದರ ಮುಂದಿನ ವಾರ ನಾನು ಆಕೆಯನ್ನು ಪೀಠಕ್ಕೆ ಕರೆದೆ. "ಇಂದು ನೀನು ಹೇಳು ತಂಗೀ," ಎಂದೆ.

"ಬೇಡಣ್ಣಾ," ಎಂದಳು ಕೊನೆಯ ಸಾಲಿನಿಂದಲೇ. "ಅಲ್ಲಿ ನಿಂತರೆ ನನಗೂ ಕುಡುಗೋಲು ಕಾಣಿಸಿಬಿಟ್ಟರೆ?"

ಸಭೆಯೆಲ್ಲ ನಕ್ಕಿತು. ನಾನೂ ನಗುತ್ತಾ ಪೀಠದಿಂದ ಇಳಿದು, ಸಾಲುಗಳ ನಡುವೆ ನಡೆದು, ಆಕೆಯ ಪಕ್ಕದಲ್ಲಿ ನಿಂತು ಅಂದಿನ ಪ್ರವಚನ ಮಾಡಿದೆ. ಕೃಪೆಯೂ ಆ ಗಾಳಿಯಂತೆಯೇ ಎಂದೆ. ಅದನ್ನು ಯಾರೂ ಕೊಂಡು ತರಲಾರರು, ಎಳೆದು ತರಲಾರರು. ಹೆಗಲು ಇಳಿದುಹೋದರೂ ಬುಟ್ಟಿಯನ್ನು ಕೆಳಗಿಡದೆ, ಎತ್ತಿದ ಕೈಯತ್ತ ಮುಖ ಮಾಡಿ ನಿಲ್ಲುವುದಷ್ಟೇ ನಮ್ಮ ಪಾಲಿನ ಕೆಲಸ. ಹಾಗೆ ನಿಂತವರಿಗೆ ಅದು ಬಂದೇ ಬರುತ್ತದೆ, ಕೊರಳ ಬಳಿ ತಣ್ಣಗೆ ಸುಳಿಯುತ್ತದೆ. ಅಂದು ಯಾರೂ ಅಳಲಿಲ್ಲ. ಹಲವರು ಮನೆಗೆ ಹೋಗುವಾಗ ಹೊಸ್ತಿಲಲ್ಲಿ ನಿಂತು, ಸಂಕೋಚದಿಂದ ಅತ್ತಿತ್ತ ನೋಡಿ, ಚಿಟಿಕೆ ಧೂಳು ಎತ್ತಿ ಬಿಟ್ಟರು.

ಪ್ರಿಯರೇ, ಈಗ ನಿಮ್ಮಲ್ಲಿ ನನ್ನ ಬಿನ್ನಹ. ನಿಮ್ಮ ಬೀದಿಯನ್ನು ಗುಡಿಸುವವಳು, ನಿಮ್ಮ ಮನೆಗೆ ಬ್ರೆಡ್ಡು ತರುವವನು, ನಿಮ್ಮ ಗೋಡೆಗೆ ಸುಣ್ಣ ಬಳಿಯುವವನು, ಇವರ ಕೈಗಳನ್ನು ನೀವು ದಿನವೂ ದೂರದಿಂದ ನೋಡುತ್ತಿದ್ದೀರಿ. ಅವರ ಬಗ್ಗೆ "ಕಣ್ಣಾರೆ ಕಂಡೆ" ಎನ್ನುವ ಮೊದಲು, ತಲೆ ಸುತ್ತಿದರೂ ಸರಿಯೇ, ಏಣಿಯನ್ನು ಹತ್ತಿರಿ. ನಾಳೆ ಬೆಳಿಗ್ಗೆ ಅವರಲ್ಲೊಬ್ಬರ ಪಕ್ಕದಲ್ಲಿ ಅರೆಗಳಿಗೆ ನಿಂತು, ಅವರು ಏನು ಮಾಡುತ್ತಿದ್ದಾರೆಂದು ಅವರನ್ನೇ ಕೇಳಿರಿ. ಉತ್ತರ ತಕ್ಷಣ ಬಾರದಿದ್ದರೆ, ಸ್ವಲ್ಪ ತಡೆಯಿರಿ.